ಕೈಗೆ ಕೊಟ್ಟ ಚೆಂಡು

ಮಾರ್ಕರ್ ಸತ್ತ ನಾಲ್ಕನೆಯ ದಿನ ಟೆನಿಸ್ ಕ್ಲಬ್ಬಿನಿಂದ ಹರಿದ ನೆಟ್ ಬಂತು. ಹೊತ್ತು ತಂದವನು ಹೊಸ ಕಾವಲುಗಾರ. ಮಾರ್ಕರ್ ಹೋದದ್ದು ಅವನಿಗೆ ಗೊತ್ತಿತ್ತು. ನೆಟ್ ಕಟ್ಟಿಕೊಡುವ ಹೆಂಗಸು ಮಾರ್ಕರನ ಹೆಂಡತಿ ಅನ್ನುವುದು ಗೊತ್ತಿರಲಿಲ್ಲ. "ಭಾನುವಾರದೊಳಗೆ ಬೇಕಂತೆ ಅಕ್ಕಾ" ಅಂದು ಬಾಗಿಲಲ್ಲಿ ಇಳಿಸಿ ಹೋದ.

ಅವಳು ಅದನ್ನು ಒಳಗೆ ಎಳೆದುಕೊಂಡಳು. ಗೋಡೆಯ ಎರಡು ಮೊಳೆಗೆ ಸಿಕ್ಕಿಸಿದಳು. ದಾರದ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನೆಟ್ಟಿನ ನಡುಮಧ್ಯೆ ಒಂಬತ್ತು ಕಣ್ಣು ಕಿತ್ತುಹೋಗಿದ್ದವು.

ಮಗಳು ಬಸ್ಸಿನಲ್ಲಿ ಕಂಡಕ್ಟರ್. ರಜೆ ಹಾಕಿ ಬಂದಿದ್ದಳು. "ಅಮ್ಮಾ, ಇವತ್ತಾದ್ರೂ ಬಿಡಬಾರದಾ?" ಅಂದಳು.

"ಬಿಟ್ಟು ಏನ್ ಮಾಡ್ಲಿ?"

"ಸುಮ್ನೆ ಕೂತ್ಕೋ. ಅಳು."

"ಬಂದ್ರೆ ಅಳ್ತೀನಿ. ಬಾರದೇ ಇರೋದನ್ನ ಹೋಗಿ ಕರ್ಕೊಂಡ್ ಬರೋಕೆ ಅದೇನು ನೆಂಟ್ರಾ?"

ಅಮ್ಮನ ಬಾಯಿಗೆ ಬೀಗ ಹಾಕುವುದು ಮಗಳಿಗೆ ಯಾವತ್ತೂ ಆಗಿರಲಿಲ್ಲ. ಅಪ್ಪನಿಗೂ ಆಗಿರಲಿಲ್ಲ.

ಮಾರ್ಕರ್ ಅಂದರೆ ಏನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಈಗ ಎಲ್ಲರೂ ಕೋಚ್ ಅನ್ನುತ್ತಾರೆ. ಮಾರ್ಕರ್ ಕೋಚ್ ಅಲ್ಲ. ಕ್ಲಬ್ಬಿನ ಸದಸ್ಯರ ಎದುರು ನಿಂತು ಚೆಂಡು ಹೊಡೆದುಕೊಡುವ ಸಂಬಳದ ಆಳು. ಬೆಳಕು ಹರಿಯುವ ಮುಂಚೆ ಹೋಗಿ ಮಣ್ಣಿನ ಕೋರ್ಟಿಗೆ ನೀರು ಹಾಕಬೇಕು, ರೋಲರ್ ಎಳೆಯಬೇಕು, ಸುಣ್ಣದಲ್ಲಿ ಗೆರೆ ಹಾಕಬೇಕು. ಆರು ಗಂಟೆಗೆ ಸದಸ್ಯರು ಬರುತ್ತಾರೆ. ಜೊತೆ ಸಿಗದವರಿಗೆ ಮಾರ್ಕರನೇ ಜೊತೆ. ಅವನು ಅಲ್ಲಿ ಹತ್ತೊಂಬತ್ತನೇ ವಯಸ್ಸಿಗೆ ಸೇರಿದ. ಅರವತ್ತಮೂರಕ್ಕೆ ಸತ್ತ. ನಡುವೆ ಬೇರೆ ಕೆಲಸ ಮಾಡಲಿಲ್ಲ.

ಆ ಕೆಲಸದ ಗುಟ್ಟು ಒಂದೇ. ಚೆಂಡನ್ನು ಕೈಗೆ ಕೊಡುವುದು. ಎದುರಿನವರು ಎಲ್ಲಿ ನಿಂತಿದ್ದಾರೋ ಅಲ್ಲಿಗೆ, ಅವರ ಸೊಂಟದ ಎತ್ತರಕ್ಕೆ, ಅವರಿಗೆ ಹೊಡೆಯಲು ಎಷ್ಟು ಹೊತ್ತು ಬೇಕೋ ಅಷ್ಟು ನಿಧಾನವಾಗಿ. ಅವರು ಓಡಬಾರದು, ತಪ್ಪಬಾರದು, ಬೆವರಬೇಕು, ಗೆದ್ದೆ ಅಂದುಕೊಂಡು ಮನೆಗೆ ಹೋಗಬೇಕು. ಆ ಕ್ಲಬ್ಬಿನಲ್ಲಿ ಒಬ್ಬರು ಡಾಕ್ಟರು ಹದಿನಾರು ವರ್ಷ ತಾವು ಭಾರೀ ಆಟಗಾರರು ಅಂತಲೇ ನಂಬಿದ್ದರು. ಬೇರೆ ಊರಿಗೆ ವರ್ಗವಾಗಿ ಅಲ್ಲಿ ರ‍್ಯಾಕೆಟ್ ಹಿಡಿದ ದಿನ ಗೊತ್ತಾಯಿತಂತೆ. "ಇಲ್ಲಿನ ಚೆಂಡು ಸರಿ ಇಲ್ಲ" ಅಂತ ಕಾಗದ ಬರೆದಿದ್ದರು.

ಮನೆಯಲ್ಲೂ ಅವನದು ಅದೇ ಚಾಳಿ. ಕತ್ತರಿ ಕೊಟ್ಟರೆ ಹಿಡಿ ಅವಳ ಕಡೆ ತಿರುಗಿಸಿ ಕೊಡುತ್ತಿದ್ದ. ಲೋಟ ಕೊಟ್ಟರೆ ಅವಳ ಬೆರಳು ಎಲ್ಲಿ ಬರುತ್ತದೆ ನೋಡಿ ಕೊಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಅದು ಪ್ರೀತಿ ಅನ್ನಿಸಿತ್ತು. ಆಮೇಲೆ ಅಭ್ಯಾಸ ಅನ್ನಿಸಿತು. ಎರಡಕ್ಕೂ ವ್ಯತ್ಯಾಸ ಹುಡುಕುತ್ತ ಕೂರಲು ಅವಳಿಗೆ ಪುರುಸೊತ್ತು ಇರಲಿಲ್ಲ.

ಕ್ಲಬ್ಬಿನ ಹಜಾರದಲ್ಲಿ ಒಂದು ಕಪ್ಪು ಹಲಗೆ ಇದೆ. ಮೊದಲ ವರ್ಷದಿಂದ ಕಪ್ ಗೆದ್ದವರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆದಿದ್ದಾರೆ. ಮೊದಲ ಏಳು ಸಾಲಿನಲ್ಲೂ ಒಂದೇ ಹೆಸರು. ಊರೆಲ್ಲ ಅವರನ್ನು ಏಳು ಕಪ್ಪಿನವರು ಅಂತಲೇ ಕರೆಯುವುದು. ಎಡಗಡೆ ಬಂದ ಚೆಂಡನ್ನು ಮುಂಗೈ ತಿರುಗಿಸಿ ಹೊಡೆಯುವ ಅವರ ಬ್ಯಾಕ್‌ಹ್ಯಾಂಡ್ ಹೊಡೆತಕ್ಕೆ ದೊಡ್ಡ ಹೆಸರು. ಇವತ್ತಿಗೂ ಅಲ್ಲಿ ಕಲಿಯಲು ಬರುವ ಮಕ್ಕಳಿಗೆ "ಏಳು ಕಪ್ಪಿನ ಹೊಡೆತ" ಅಂತ ಅದನ್ನೇ ಹೇಳಿಕೊಡುತ್ತಾರೆ.

ಆ ಏಳು ಕಪ್ಪಿನ ಕಥೆ ಕೇಳಿದರೆ ಅವಳಿಗೆ ನಗು ಬರುತ್ತಿತ್ತು. ಟೆನಿಸ್ ಹುಟ್ಟಿದ ಕಾಲದಲ್ಲಿ ಹೋದ ವರ್ಷ ಗೆದ್ದವರು ಈ ವರ್ಷ ಮೊದಲಿಂದ ಆಡಬೇಕಾಗಿರಲಿಲ್ಲ. ಕುರ್ಚಿ ಹಾಕಿಕೊಂಡು ಕಾಯುವುದು. ಮಿಕ್ಕವರೆಲ್ಲ ಹೊಡೆದಾಡಿ ಒಬ್ಬ ಉಳಿದರೆ ಅವನ ಜೊತೆ ಒಂದು ಆಟ ಆಡುವುದು. ಬೇರೆ ಕಡೆ ಬಿಟ್ಟುಹೋದ ಆ ಪದ್ಧತಿಯನ್ನು ಈ ಕ್ಲಬ್ಬಿನವರು ಹಿಡಿದುಕೊಂಡಿದ್ದರು.

"ಮೊದಲನೇ ವರ್ಷ ಆಡಿದ್ರು. ಮಿಕ್ಕ ಆರು ವರ್ಷ ವರ್ಷಕ್ಕೊಂದೇ ಆಟ. ನಾನು ವರ್ಷಕ್ಕೊಂದೇ ದಿನ ಒಲೆ ಹಚ್ಚಿದ್ರೆ ನೀವು ನನ್ನ ಹೆಸರು ಬರೆಸ್ತಿದ್ರಾ?" ಅಂತ ಗಂಡನನ್ನು ಕೇಳಿದ್ದಳು.

"ಹಾಗನ್ನಬಾರದು ಕಣೇ. ಚೆನ್ನಾಗಿ ಆಡ್ತಾರೆ."

"ಆಡಿಸಿದ್ದು ಯಾರು?"

ಆಡಿಸಿದ್ದು ಅವನೇ. ಸೇರಿದ ವರ್ಷದಿಂದ ದಿನಾ ಏಳು ಗಂಟೆಗೆ ಏಳು ಕಪ್ಪಿನವರು ಬರುತ್ತಿದ್ದರು. ಎಡಮೂಲೆಯಲ್ಲಿ ನಿಲ್ಲುತ್ತಿದ್ದರು. ಮಾರ್ಕರ್ ಅದೇ ಮೂಲೆಗೆ, ಅದೇ ಎತ್ತರಕ್ಕೆ ಇನ್ನೂರು ಚೆಂಡು ಕೊಡುತ್ತಿದ್ದ. ಕ್ಲಬ್ಬಿನ ಪುಸ್ತಕದಲ್ಲಿ ಬೇರೆ ಥರ ಅಚ್ಚಾಗಿದೆ. ಆ ಹೊಡೆತವನ್ನು ಅವರು ಒಬ್ಬರೇ ಗೋಡೆಗೆ ಹೊಡೆದು ಹೊಡೆದು ಕಲಿತರು ಅಂತ ಇದೆ. ಮಗಳು ಅದನ್ನು ಓದಿ ಹೇಳಿದಾಗ ಅವಳು ಅಂದಳು, "ಹೌದು, ಆ ಗೋಡೆಗೆ ಎರಡು ಹೊತ್ತು ಊಟ ಹಾಕಿದವಳು ನಾನೇ."

ಗೋಡೆಯ ಹೆಸರು ಹಲಗೆಗೆ ಬರುವ ಹಾಗಿರಲಿಲ್ಲ. ಆಟಕ್ಕೆ ಸಂಬಳ ತೆಗೆದುಕೊಳ್ಳುವವನು ಪಂದ್ಯಕ್ಕೆ ಸೇರಬಾರದು ಅಂತ ಕಟ್ಟಳೆ. ಕ್ಲಬ್ಬು ಕಟ್ಟಿದವರು ತಾವೇ ಕೂತು ಬರೆದದ್ದು. ಹೊರಗೆ ದೊಡ್ಡ ದೊಡ್ಡ ಪಂದ್ಯಗಳಲ್ಲೇ ಆ ಕಟ್ಟಳೆ ಬಿದ್ದುಹೋದ ಮೇಲೆ ಇವರೂ ಬಿಟ್ಟರು. ಕ್ಲಬ್ಬಿಗೆ ಇಪ್ಪತ್ತೈದು ವರ್ಷ ತುಂಬಿದಾಗ ನಲವತ್ತು ದಾಟಿದವರಿಗೆ ಅಂತ ಒಂದು ಪಂದ್ಯ ಇಟ್ಟರು. ಯಾರು ಬೇಕಾದರೂ ಸೇರಬಹುದು. ಹಳೆಯ ಪದ್ಧತಿಯಂತೆ ಏಳು ಕಪ್ಪಿನವರು ಕಾಯುತ್ತಾರೆ, ಉಳಿದ ಒಬ್ಬ ಬಂದು ಅವರ ಜೊತೆ ಆಡುತ್ತಾನೆ.

ಮಾರ್ಕರನಿಗೆ ಆಗ ನಲವತ್ತನಾಲ್ಕು. ಅವನು ಹೆಸರು ಕೊಡಲಿಲ್ಲ. ಕೊಟ್ಟವಳು ಅವಳು. ನೆಟ್ ಒಪ್ಪಿಸಲು ಹೋದಾಗ ಕಾರ್ಯದರ್ಶಿಯ ಮೇಜಿನ ಮುಂದೆ ನಿಂತು ಹೇಳಿದಳು. ಕಾರ್ಯದರ್ಶಿ ಪೆನ್ನು ಎತ್ತಿಕೊಂಡರು. "ಮಾರ್ಕರನ ಹೆಸರೇನಮ್ಮಾ?" ಅಂದರು. ಇಪ್ಪತ್ತೈದು ವರ್ಷದಿಂದ ದಿನಾ ಕಂಡವರು. ಅವಳು ಹೇಳಿದಳು, ಅವರು ಬರೆದುಕೊಂಡರು.

ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಬಯ್ಯಲಿಲ್ಲ. "ನನಗೆ ಗೆಲ್ಲೋ ಆಟ ಬರಲ್ವೇ" ಅಂದ.

"ಅದಕ್ಕೇನು ಬೇರೆ ಶಾಲೆ ಇದ್ಯಾ? ಅವರು ಇರೋ ಕಡೆ ಹೊಡೀಬೇಡಿ. ಇಲ್ಲದೇ ಇರೋ ಕಡೆ ಹೊಡೀರಿ. ಅಷ್ಟೇ ತಾನೇ?"

ಅವನು ಜೋರಾಗಿ ನಕ್ಕ. ಅವನು ಹಾಗೆ ನಕ್ಕದ್ದು ಅವಳಿಗೆ ನೆನಪಿರುವುದು ಅದೇ ಒಂದು ಸಲ.

ಮೊದಲ ಎರಡು ಆಟ ಹೊರಗಿನ ಊರಿನವರ ಜೊತೆ. ಅವರ ಕೈ ಇವನಿಗೆ ಗೊತ್ತಿರಲಿಲ್ಲ, ಇವನ ಕೈ ಅವರಿಗೆ ಗೊತ್ತಿರಲಿಲ್ಲ. ಎರಡೂ ಗೆದ್ದ. ಖಾಲಿ ಇರುವ ಕಡೆ ಹೊಡೆದೇ ಗೆದ್ದ. ಮನೆಗೆ ಬಂದು, ಯಾರದೋ ಮನೆಯ ಪಾತ್ರೆ ಕದ್ದು ತಂದವನ ಹಾಗೆ ಕೂತಿದ್ದ. ಅವಳಿಗೆ ಮಾತ್ರ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಲಗೆಗೆ ಹೆಸರು ಬರೆಯುವ ಪೇಂಟರನ್ನು ಹುಡುಕಿಕೊಂಡು ಹೋಗಿ, "ಚಿಕ್ಕ ಹೆಸರು, ಒಂದು ಸಾಲಿನಲ್ಲಿ ಹಿಡಿಯುತ್ತೆ" ಅಂತ ಹೇಳಿ ಬಂದಳು. ಪೇಂಟರ್, "ಮೊದ್ಲು ಗೆಲ್ಲಲಿ ತಾಯಿ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ" ಅಂದ.

ಕೊನೆಯ ಆಟದ ಬೆಳಿಗ್ಗೆ ಕಾರ್ಯದರ್ಶಿ ಮನೆಯ ಬಾಗಿಲಿಗೇ ಬಂದರು. ಕ್ಲಬ್ಬಿನ ಹಿಂದಿನ ಬೀದಿಯ ಆ ಮನೆ ಕ್ಲಬ್ಬೇ ಕೊಟ್ಟದ್ದು. "ಚೆನ್ನಾಗಿ ಆಡಪ್ಪಾ" ಅಂದರು. "ದೊಡ್ಡವರ ಮರ್ಯಾದೆ ನೋಡ್ಕೊಂಡು ಆಡು." ಅವನು ಆಗಲಿ ಸಾರ್ ಅಂದ. ಅವಳು ಒಳಗಿನಿಂದ ಕೇಳಿಸಿಕೊಂಡಳು.

ಅವನು ಪಂದ್ಯ ಆಡುವುದನ್ನು ಅವಳು ಕಣ್ಣಾರೆ ನೋಡಿದ್ದು ಅವತ್ತೇ. ಹದಿನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬೇಲಿಯ ಪಕ್ಕ ನಿಂತಿದ್ದಳು. ಮೊದಲನೆಯ ಸೆಟ್ ಮಾರ್ಕರನದು. ಎರಡನೆಯದು ಏಳು ಕಪ್ಪಿನವರದು. ಮೂರನೆಯದರಲ್ಲಿ ಮಾರ್ಕರ್ ಐದು ಗೇಮ್, ಅವರು ಎರಡು. ಅವನು ಅವರ ಬಲಗಡೆಗೆ ಹೊಡೆಯುತ್ತಿದ್ದ, ಅವರು ಓಡಿ ಓಡಿ ಸುಸ್ತಾಗಿದ್ದರು. ಇನ್ನೊಂದು ಪಾಯಿಂಟ್ ಬಂದರೆ ಆಟ ಅವನದು. ಪೇಂಟರ್ ಎದ್ದು ಬಣ್ಣ ಕಲಸಲು ಒಳಗೆ ಹೋದ. ಅವಳು ನೋಡಿದಳು.

ಏಳು ಕಪ್ಪಿನವರ ಚೆಂಡು ಮೆತ್ತಗೆ ಬಂದು ಕೋರ್ಟಿನ ನಡುವೆ ಬಿತ್ತು. ಅವರು ಎಡಮೂಲೆಯಲ್ಲಿದ್ದರು. ಅವರ ಬಲಗಡೆ ಅರ್ಧ ಕೋರ್ಟು ಬಯಲಾಗಿ ಬಿದ್ದಿತ್ತು. ಮಕ್ಕಳು ಹೊಡೆದರೂ ಗೆಲ್ಲುವ ಚೆಂಡು. ಮಾರ್ಕರ್ ರ‍್ಯಾಕೆಟ್ ಎತ್ತಿದ. ಎಡಮೂಲೆಗೆ ಕೊಟ್ಟ. ನಿಧಾನವಾಗಿ ಕೊಟ್ಟ. ಅವರು ಕಾಲು ಕದಲಿಸದೆ ಬ್ಯಾಕ್‌ಹ್ಯಾಂಡ್ ಹೊಡೆದರು. ಚೆಂಡು ಗೆರೆಯ ಮೇಲೆ ಬಿತ್ತು.

ಆಮೇಲೆ ಅವನು ಹೊಡೆದದ್ದೆಲ್ಲ ಅಲ್ಲಿಗೇ. ಒಂದರ ಹಿಂದೆ ಒಂದು, ದಿನಾ ಬೆಳಗಿನ ಹಾಗೆ. ಐದು ಎರಡು ಇದ್ದದ್ದು ಐದು ಏಳಾಯಿತು. ಜನ ಚಪ್ಪಾಳೆ ತಟ್ಟಿದರು. ಪೇಂಟರ್ ಕಲಸಿದ ಬಣ್ಣದಲ್ಲಿ ಎಂಟನೇ ಸಲ ಅದೇ ಹೆಸರು ಬರೆದ. ಊರವರು ಎಂಟಾದ ಮೇಲೂ ಏಳು ಕಪ್ಪಿನವರು ಅಂತಲೇ ಕರೆದರು. ನಾಲಗೆ ಒಗ್ಗಿಹೋಗಿತ್ತು.

ಮನೆಗೆ ಬಂದ ಮೇಲೆ ಅವಳು ಕೇಳಿದಳು, "ಬೇಕಂತ ಬಿಟ್ರಾ?"

"ಇಲ್ಲ ಕಣೇ. ಕೈ ಹೋಯ್ತು."

"ಕೈ ಹೋಗುತ್ತಾ? ಅದಕ್ಕೇನು ಕಾಲಿದ್ಯಾ?"

ಅವನು ತಲೆ ತಗ್ಗಿಸಿ ಬೂಟಿನ ದಾರ ಬಿಚ್ಚುತ್ತಿದ್ದ.

"ಮನೆ ಬಿಡಿಸ್ತಾರೆ ಅಂತ ಹೆದರಿಕೊಂಡ್ರಿ. ಕಾರ್ಯದರ್ಶಿ ಒಂದು ಮಾತು ಅಂದ ತಕ್ಷಣ ಬಾಲ ಮುದುರಿಕೊಂಡ್ರಿ. ಸೋತಿದ್ರೆ ನಾನು ಏನೂ ಅಂತಿರಲಿಲ್ಲ. ಕೊಟ್ರಲ್ಲಾ. ತಟ್ಟೆಯಲ್ಲಿಟ್ಟು ಕೊಟ್ರಲ್ಲಾ!"

ಮಗಳು ಮೂಲೆಯಲ್ಲಿ ಕೂತು ಕೇಳುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಅವನು ಯಾವಾಗಿನ ಹಾಗೆ ಕೋರ್ಟಿಗೆ ಹೋದ. ಏಳು ಗಂಟೆಗೆ ಇನ್ನೂರು ಚೆಂಡು ಕೊಟ್ಟ. ಇನ್ನೊಂದು ಪಂದ್ಯಕ್ಕೆ ಯಾವತ್ತೂ ಸೇರಲಿಲ್ಲ.

ಹತ್ತೊಂಬತ್ತು ವರ್ಷ ಆ ವಿಷಯ ಆ ಮನೆಯಲ್ಲಿ ಬೈಗುಳವಾಗಿ ಮಾತ್ರ ಬಾಯಿಗೆ ಬಂತು. ಅಂಗಡಿಯವನು ಕೊಳೆತ ತರಕಾರಿ ಕೊಟ್ಟರೆ, "ನೀವು ಕೇಳಬೇಡಿ, ನೀವು ಕೊಟ್ಟು ಬರೋರು" ಅನ್ನುತ್ತಿದ್ದಳು. ಮಗಳ ಮದುವೆಯ ಮಾತುಕತೆಗೆ ಅವನನ್ನು ಮುಂದೆ ಕೂರಿಸಲಿಲ್ಲ. ತನ್ನ ಅಣ್ಣನನ್ನು ಕರೆಸಿಕೊಂಡಳು. ಬೀದಿಯ ನಲ್ಲಿಯ ಹತ್ತಿರ ಜಗಳವಾದಾಗ ಅವನು ಸಮಾಧಾನ ಮಾಡಲು ಬಂದರೆ ಎಲ್ಲರ ಎದುರಿಗೇ "ನೀವು ಒಳಗೆ ಹೋಗಿ" ಅಂದಳು. ಅವನು ಒಳಗೆ ಹೋದ. ಮಿಕ್ಕ ಹಾಗೆ ಸಂಸಾರ ನೆಟ್ಟಗೇ ನಡೆಯಿತು. ಅವನು ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಸಂಬಳವನ್ನು ಅವಳ ಕೈಯಲ್ಲೇ ಇಟ್ಟ. ಅವಳು ಅವನಿಗೆ ಜ್ವರ ಬಂದರೆ ನೋಡಿಕೊಂಡಳು, ಬಟ್ಟೆ ಒಗೆದಳು, ಹೊತ್ತಿಗೆ ಸರಿಯಾಗಿ ಊಟ ಹಾಕಿದಳು.

ಸತ್ತದ್ದೂ ಗಲಾಟೆಯಿಲ್ಲದೆ. ಒಂದು ಸೋಮವಾರ ಎದೆ ಹಿಡಿದಿದೆ ಅಂದ. ಆಸ್ಪತ್ರೆಗೆ ಸೇರಿಸಿದರು. ಐದು ದಿನ ಇದ್ದ. ಆರನೇ ದಿನ ಬೆಳಿಗ್ಗೆ ಅವಳು ಮುಖ ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ಬರುವಷ್ಟರಲ್ಲಿ ನರ್ಸ್ ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದಳು. ಅವಳು ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಳು. ಏನು ಮಾಡಬೇಕು ತೋಚಲಿಲ್ಲ. ಬಟ್ಟೆ ಹಿಂಡಿ ಕಿಟಕಿಗೆ ಒಣಹಾಕಿದಳು. ಆಸ್ಪತ್ರೆಯ ಕಾಗದದಲ್ಲಿ ಹೆಬ್ಬೆಟ್ಟು ಒತ್ತುತ್ತೀರಾ ಅಂತ ಕೇಳಿದರು. "ಹೆಸರು ಬರೆಯೋಕೆ ಬರುತ್ತೆ" ಅಂದಳು. ಬರೆದಳು.

ಏಳು ಕಪ್ಪಿನವರು ಬಂದದ್ದು ಏಳನೆಯ ದಿನ, ಮಧ್ಯಾಹ್ನ. ಮಗಳು ಅಂಗಡಿಗೆ ಹೋಗಿದ್ದಳು. ಕೋಲು ಊರಿಕೊಂಡು ಮೆಟ್ಟಿಲು ಹತ್ತಿದರು. ಅರವತ್ತೇಳು ವಯಸ್ಸು. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಬರಬೇಕಾಯಿತು. ಅವಳು ಕುರ್ಚಿ ಎಳೆದು ಕೊಟ್ಟಳು. ಟೀ ಮಾಡಿ ಕೊಟ್ಟು ಮತ್ತೆ ನೆಟ್ಟಿನ ಮುಂದೆ ಕೂತಳು.

"ಒಳ್ಳೆ ಮನುಷ್ಯ" ಅಂದರು.

"ಹೂಂ."

"ನಲವತ್ತು ವರ್ಷದ ಮೇಲಾಯ್ತು ನನಗೂ ಅವನಿಗೂ."

"ನನಗೆ ಮೂವತ್ತೊಂಬತ್ತು" ಅಂದಳು.

ಅವರು ಟೀ ಕುಡಿಯಲಿಲ್ಲ. ಅವಳು ಒಂದು ಗಂಟು ಹಾಕಿ ದಾರ ಕತ್ತರಿಸಿದಳು. ಕೇಳಬೇಕು ಅಂತ ಅಂದುಕೊಂಡಿರಲಿಲ್ಲ. ಕೇಳಲು ಇನ್ನು ಯಾರೂ ಉಳಿದಿಲ್ಲ ಅನ್ನಿಸಿತು.

"ಸಾರ್, ಒಂದು ಮಾತು. ಆ ವರ್ಷ ನಮ್ಮವರು ನಿಮಗೆ ಆಟ ಬಿಟ್ಟುಕೊಟ್ರಾ?"

"ಯಾರು ಬಿಟ್ಟುಕೊಡೋದು?" ಅವರ ಬೆನ್ನು ನೆಟ್ಟಗಾಯಿತು. "ನಾನು ಗೆದ್ದೆ."

"ಸರಿ" ಅಂದಳು. ಮತ್ತೊಂದು ಕಣ್ಣಿಗೆ ದಾರ ಹಾಕಿದಳು.

ಹೊರಗೆ ಯಾರೋ ಸೈಕಲ್ ಪಂಪ್ ಹೊಡೆಯುತ್ತಿದ್ದರು. ಏಳು ಕಪ್ಪಿನವರು ಲೋಟವನ್ನು ನೆಲದ ಮೇಲಿಟ್ಟರು.

"ಬಿಟ್ಟುಕೊಡಲಿಲ್ಲಮ್ಮಾ. ಅವನು ಅಂಥವನಲ್ಲ. ನಾನು ಇಸ್ಕೊಂಡೆ."

ಅವಳು ತಿರುಗಿ ನೋಡಿದಳು.

"ದಿನಾ ಬೆಳಿಗ್ಗೆ ನಾನು ಮೂಲೆಗೆ ಹೋಗಿ ನಿಂತು 'ಹೂಂ, ಕೊಡು' ಅಂತಿದ್ದೆ. ಅಷ್ಟು ಅಂದ್ರೆ ಸಾಕು, ಅವನು ಶುರು ಮಾಡೋನು. ಇಪ್ಪತ್ತೈದು ವರ್ಷ ಹಾಗೇ. ಅವತ್ತು ನನ್ನ ಕಾಲು ಸೋತು ಹೋಗಿತ್ತು. ಇನ್ನೊಂದು ಪಾಯಿಂಟ್. ಬೇರೆ ಊರಿನವರೆಲ್ಲ ನೋಡ್ತಿದ್ರು. ಮಾರ್ಕರನ ಕೈಲಿ ಸೋತ ಅಂತಾರೆ. ಆ ಚೆಂಡು ಅವನ ಹತ್ರ ಹೋಗೋವಾಗ ನಾನು ಓಡಲಿಲ್ಲ. ಬೇಕಂತಲೇ ಮೂಲೆಯಲ್ಲೇ ನಿಂತೆ. ಮೆಲ್ಲಗೆ ಅಂದೆ."

"ಏನಂತ?"

"ಅದನ್ನೇ. 'ಹೂಂ, ಕೊಡು' ಅಂತ."

ಅವಳು ಕತ್ತರಿ ಕೆಳಗಿಟ್ಟಳು.

"ನಿಯಮದಲ್ಲಿ ತಪ್ಪಲ್ಲ ಅಂತ ನನಗೆ ನಾನೇ ಹೇಳ್ಕೊಂಡಿದ್ದೀನಿ. ತಪ್ಪಿದ್ರೂ ಕೇಳೋರು ಯಾರು? ಅಂಪೈರಿಗೆ ಕೇಳಿಸಲಿಲ್ಲ. ಅವನಿಗೆ ಕೇಳಿಸ್ತು. ಒಂದ್ಸಲ ಕೈ ಆ ದಾರಿ ಹಿಡಿದ ಮೇಲೆ ಅವನಿಗೆ ತಿರುಗಿಸೋಕೆ ಆಗಲಿಲ್ಲ. ನನಗೆ ಅದೂ ಗೊತ್ತಿತ್ತು."

"ಅವರಿಗೆ ಗೊತ್ತಾಯ್ತಾ? ನೀವು ಯಾಕಂದ್ರಿ ಅಂತ?"

"ಆಗದೆ ಇರುತ್ತಾ? ಆಟ ಮುಗಿದ ಮೇಲೆ ಕೈ ಕುಲುಕೋಕೆ ಬಂದ. ಬೈತಾನೆ ಅಂದ್ಕೊಂಡೆ. ಬೈದಿದ್ರೆ ಚೆನ್ನಾಗಿರ್ತಿತ್ತು."

"ಏನಂದ್ರು?"

"'ಆ ಮೊದಲನೇ ಚೆಂಡು ಒಂಚೂರು ಎತ್ತರ ಬಂದ್ಬಿಡ್ತು ಸಾರ್' ಅಂದ."

ದಾರದ ಉಂಡೆ ಅವಳ ತೊಡೆಯಿಂದ ಜಾರಿ ಕುರ್ಚಿಯ ಕೆಳಗೆ ಉರುಳಿತು. ಏಳು ಕಪ್ಪಿನವರು ಬಗ್ಗಲು ನೋಡಿದರು, ಸೊಂಟ ಬಗ್ಗಲಿಲ್ಲ. ಅವಳೇ ಹೋಗಿ ಎತ್ತಿಕೊಂಡಳು.

"ನನ್ನ ಮೇಲೆ ಸಿಟ್ಟು ಬರಲ್ವಾ ತಾಯಿ?"

ಅವಳು ತನ್ನೊಳಗೆ ಸಿಟ್ಟು ಹುಡುಕಿದಳು. ಏನೂ ಇರಲಿಲ್ಲ. "ಇದ್ದದ್ದೆಲ್ಲ ಮನೆಯವರ ಮೇಲೇ ಖರ್ಚಾಗೋಯ್ತು ಸಾರ್" ಅಂದಳು. "ನಿಮಗೆ ಅಂತ ಉಳೀಲಿಲ್ಲ."

ಅವರು ಎದ್ದರು. ಬಾಗಿಲಲ್ಲಿ ತಲೆ ತಗಲಿತು. ಅವಳು "ನೋಡ್ಕೊಂಡು" ಅಂದಳು. ಮೆಟ್ಟಿಲು ಇಳಿಯುವಾಗ ಒಂದೊಂದೇ ಕಾಲು ಇಟ್ಟು ಇಳಿದರು. ಅವಳು ಕೊನೆಯ ಮೆಟ್ಟಿಲವರೆಗೂ ನಿಂತು ನೋಡಿದಳು. ಬಿದ್ದರೆ ಇನ್ನೊಂದು ರಂಪ.

ಮಗಳು ಬಂದಾಗ ಅವಳು ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದಳು. ನಡೆದದ್ದನ್ನು ಇದ್ದ ಹಾಗೆ ಹೇಳಿದಳು. ಮಗಳು ಕೈಚೀಲ ಹಿಡಿದುಕೊಂಡೇ ನಿಂತು ಕೇಳಿದಳು. ಮೊದಲು ಏಳು ಕಪ್ಪಿನವರನ್ನು ಬಾಯಿಗೆ ಬಂದ ಹಾಗೆ ಬೈದಳು. ಬಸ್ಸಿನಲ್ಲಿ ಕಲಿತ ಬೈಗುಳವೆಲ್ಲ ಬಂತು. ಅದು ಮುಗಿದ ಮೇಲೆ ಕೇಳಿದಳು, "ಅಪ್ಪನಿಗೆ ಬಾಯಿ ಇರ್ಲಿಲ್ವಾ? ನಿಂಗಾದ್ರೂ ಹೇಳಬಹುದಿತ್ತಲ್ಲ?"

"ಹೇಳೋಕೆ ಬಂದ್ರು ಅನ್ಸುತ್ತೆ. ಈಗ ಅನ್ಸುತ್ತೆ. ಎರಡು ಸಲ ಬಂದ್ರು."

"ಯಾವಾಗ?"

"ಒಂದ್ಸಲ ಪಾತ್ರೆ ತೊಳೀತಿದ್ದೆ. 'ಅವತ್ತು ಅವರು ಒಂದು ಮಾತು ಅಂದ್ರು ಕಣೇ' ಅಂತ ಶುರು ಮಾಡಿದ್ರು. ನಾನು ನಲ್ಲಿ ಜೋರಾಗಿ ಬಿಟ್ಟೆ. ಇನ್ನೊಂದ್ಸಲ ಊಟಕ್ಕೆ ಕೂತಾಗ. ನೀನೂ ಇದ್ದೆ. 'ಆ ಚೆಂಡಿನ ವಿಷಯ' ಅಂದ್ರು. ನಾನು 'ಬಂತಪ್ಪಾ ಚೆಂಡಿನ ಪುರಾಣ' ಅಂತ ನಕ್ಕೆ."

ಮಗಳು ಕೈಚೀಲ ಕೆಳಗಿಟ್ಟಳು. ಆ ಊಟ ಅವಳಿಗೆ ನೆನಪಿತ್ತು. ಅವತ್ತು ಅವಳೂ ನಕ್ಕಿದ್ದಳು.